ನಾಲಿಗೆ ಚಾಚಿ ಕೂತ ಹುಡುಗಿ

ಪಠ್ಯಪುಸ್ತಕದ ಕಚೇರಿಯಲ್ಲಿ ಅವರನ್ನು ಎಲ್ಲರೂ ಚಿತ್ರದ ಮೇಷ್ಟ್ರು ಎನ್ನುತ್ತಿದ್ದರು. ಜನ್ಮದಲ್ಲಿ ಒಂದು ದಿನವೂ ಪಾಠ ಹೇಳಿದವರಲ್ಲ. ಪ್ರೌಢಶಾಲೆಯ ಜೀವಶಾಸ್ತ್ರದ ಪುಸ್ತಕಗಳಿಗೆ ಚಿತ್ರ ಬರೆಯುವುದು ಅವರ ಕೆಲಸ. ಹೃದಯ, ಮೂತ್ರಪಿಂಡ, ಕಪ್ಪೆಯ ಹೊಟ್ಟೆ, ಸೀಳಿ ತೋರಿಸಿದ ಹೂವು, ಎಲ್ಲವೂ ಅವರ ಕೈಯಿಂದ ಇಳಿದೇ ಮಕ್ಕಳ ಚೀಲ ಸೇರಬೇಕಿತ್ತು. ತಪ್ಪು ಹುಡುಕುವುದರಲ್ಲಂತೂ ಎತ್ತಿದ ಕೈ. ಜೇಡಕ್ಕೆ ಆರೇ ಕಾಲು ಬರೆದು ತಂದ ಹೊರಗಿನ ಕಲಾವಿದನೊಬ್ಬನನ್ನು, "ಉಳಿದೆರಡು ಮನೇಲಿ ಬಿಟ್ಟು ಬಂದ್ರಾ?" ಎಂದು ಎಲ್ಲರೆದುರೇ ಕೇಳಿದವರು. ಹೃದಯದ ಎಡ ಬಲ ಅದಲುಬದಲಾಗಿದ್ದ ಹಾಳೆಯನ್ನು ಮುದ್ರಣಾಲಯದ ಬಾಗಿಲಿನಿಂದ ವಾಪಸ್ ತಂದವರು. ವಿಜ್ಞಾನ ಒಂದು ಹೆಜ್ಜೆ ಮುಂದೆ ಹೋಯಿತೆಂದು ತಿಳಿದರೆ ಸಾಕು, ಯಾರೂ ಕೇಳುವ ಮೊದಲೇ ಹಳೆಯ ಚಿತ್ರ ತೆಗೆದು ಹೊಸದು ಬರೆದಿಡುತ್ತಿದ್ದರು. ಇಂಥ ಮನುಷ್ಯ ಒಂದೇ ಒಂದು ಪುಟದ ವಿಷಯದಲ್ಲಿ ಮಾತ್ರ ಜಪ್ಪಯ್ಯ ಎಂದರೂ ಬಗ್ಗುತ್ತಿರಲಿಲ್ಲ.

ಅದು ಒಂಬತ್ತನೆಯ ತರಗತಿಯ ಪುಸ್ತಕದಲ್ಲಿ ಜ್ಞಾನೇಂದ್ರಿಯಗಳ ಪಾಠ. ಪುಟದ ತುಂಬ ಒಬ್ಬ ಹುಡುಗಿ ನಾಲಿಗೆ ಪೂರ್ತಿ ಹೊರಗೆ ಚಾಚಿ ಕೂತಿದ್ದಾಳೆ. ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡ ಹಾಗೆ ಆ ನಾಲಿಗೆಗೆ ಗೆರೆ ಎಳೆದಿದೆ. ತುದಿ ಸಿಹಿಗೆ, ಅದರ ಪಕ್ಕ ಉಪ್ಪಿಗೆ, ಅಂಚು ಹುಳಿಗೆ, ಹಿಂಬದಿ ಕಹಿಗೆ. ಇದು ಶುದ್ಧ ಸುಳ್ಳು. ರುಚಿಮೊಗ್ಗು ಇರುವ ಕಡೆಯೆಲ್ಲ ಎಲ್ಲ ರುಚಿಯೂ ತಿಳಿಯುತ್ತದೆ ಎಂಬುದು ಬಲ್ಲವರಿಗೆ ಗೊತ್ತಾಗಿ ಎಷ್ಟೋ ಕಾಲವಾಗಿತ್ತು. ಮೇಷ್ಟ್ರಿಗೂ ಗೊತ್ತಿತ್ತು. ಪರಿಷ್ಕರಣೆಯ ಸಭೆಯಲ್ಲಿ ಯಾರಾದರೂ ಶಿಕ್ಷಕರು ಎದ್ದು ನಿಂತು, ಈ ಚಿತ್ರ ತೆಗೆದು ರುಚಿಮೊಗ್ಗನ್ನೇ ದೊಡ್ಡದು ಮಾಡಿ ಹಾಕಿ ಎನ್ನುವರು. ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತ, "ಈ ಸಲ ಕೈ ತುಂಬ ಕೆಲಸ ಇದೆ, ಮುಂದಿನ ಮುದ್ರಣಕ್ಕೆ ನೋಡೋಣ" ಎನ್ನುವರು. ಹಿಂದಿನ ಸಂಪಾದಕನಿಗೆ ಅಲ್ಪವಿರಾಮ ಬದಲಿಸುವುದೂ ತಲೆನೋವು. ಅವನು ತಕ್ಷಣ ಹೂಂಗುಟ್ಟಿ ಮುಂದಿನ ಪುಟಕ್ಕೆ ಹೋಗುವನು.

ಆ ಹುಡುಗಿ ಮೇಷ್ಟ್ರ ಮಗಳು. ಒಬ್ಬಳೇ ಮಗಳು. ಚಿತ್ರಕ್ಕೆಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಾಗ ಅವಳಿಗೆ ಹನ್ನೊಂದು ವರ್ಷ. ಪುಸ್ತಕ ಅಚ್ಚಾಗಿ ಬರುವಷ್ಟರಲ್ಲಿ ಮೆದುಳುಜ್ವರ ಬಂದು ತೀರಿಹೋಗಿದ್ದಳು. ಮನೆಯಲ್ಲಿ ಉಳಿದಿದ್ದು ಶಾಲೆಯಲ್ಲಿ ಸಾಲಾಗಿ ನಿಲ್ಲಿಸಿ ತೆಗೆದ ಒಂದು ಫೋಟೋ. ಅದರಲ್ಲೂ ಆ ತುಂಟಿ ಸರಿಯಾದ ಹೊತ್ತಿಗೆ ತಲೆ ತಿರುಗಿಸಿ, ಮುಖ ಇರಬೇಕಾದ ಕಡೆ ಬರೀ ಮಸುಕು. ಅಪ್ಪ ಅಲ್ಲಾಡಬೇಡ ಎಂದಿದ್ದಕ್ಕೆ ಅಲ್ಲಾಡದೆ ಕೂತಿದ್ದು ಈ ಒಂದು ಚಿತ್ರಕ್ಕೆ ಮಾತ್ರ. ಪುಟ ಹೋದರೆ ಮುಖವೂ ಹೋಗುತ್ತದೆ. ಮೇಷ್ಟ್ರ ಹಟಕ್ಕೆ ಇದೇ ಕಾರಣವೆಂದು ಅವರು ತಮಗೆ ತಾವೇ ಹೇಳಿಕೊಂಡಿದ್ದರು.

ಆದರೆ ಹಾಗೆ ಉಳಿಸಿಕೊಂಡ ಮಗಳು ಅವರನ್ನು ನೆಮ್ಮದಿಯಿಂದ ಇರಲು ಬಿಟ್ಟಳೇ? ಕಚೇರಿಗೆ ಹೋಗುವ ದಾರಿಯಲ್ಲಿ ಒಂದು ಶಾಲೆ. ವರ್ಷಕ್ಕೊಮ್ಮೆ ಆ ಪಾಠದ ಸರದಿ ಬಂದಾಗ ಕಿಟಕಿಯಿಂದ ರಾಗ ಹೊರಗೆ ಬರುತ್ತಿತ್ತು. ತುದಿಯಲ್ಲಿ ಸಿಹಿ, ಅಂಚಿನಲ್ಲಿ ಹುಳಿ, ಹಿಂಬದಿಯಲ್ಲಿ ಕಹಿ. ಅಷ್ಟೂ ಕೊರಳಿನ ನಡುವೆ ಒಂದು ಕೊರಳು ಮಾತ್ರ ಸುಮ್ಮನಿದೆ ಎಂದು ಮೇಷ್ಟ್ರಿಗೆ ಅನ್ನಿಸುವುದು. ಸುಮ್ಮನಿರುವ ಕೊರಳು ಕಿವಿಗೆ ಬೀಳುವುದು ಹೇಗೆಂದು ಕೇಳಬೇಡಿ, ಅವರಿಗೆ ಬೀಳುತ್ತಿತ್ತು. ಅವರು ಕೊಡೆ ಬಿಚ್ಚಿ, ಬಿಸಿಲೂ ಇಲ್ಲದ ಮಳೆಯೂ ಇಲ್ಲದ ಬೀದಿಯಲ್ಲಿ ದಾಪುಗಾಲು ಹಾಕುವರು.

ಪರೀಕ್ಷೆ ಮುಗಿದ ಮೇಲೆ ಆ ಶಾಲೆಯ ಹಿಂದಿನ ಹಳೆ ಪುಸ್ತಕದ ಅಂಗಡಿಗೆ ತಪ್ಪದೆ ಹೋಗುತ್ತಿದ್ದರು. ಒಂಬತ್ತನೆಯ ತರಗತಿಯ ಪುಸ್ತಕಗಳನ್ನು ಒಂದೊಂದಾಗಿ ತೆಗೆದು ಆ ಪುಟ ತಿರುವುವರು. ಒಬ್ಬ ಅವಳಿಗೆ ಮೀಸೆ ಬರೆದಿರುತ್ತಿದ್ದ, ಇನ್ನೊಬ್ಬ ಕೊಂಬು. ಒಬ್ಬಳು ಚೆಂದದ ಓಲೆ ತೊಡಿಸಿದ್ದಳು. ಹಲ್ಲಿಗೆ ಮಸಿ ಬಳಿದವರಿಗಂತೂ ಲೆಕ್ಕವಿಲ್ಲ. ದೊಡ್ಡವಳಾಗದೇ ಹೋದ ಮಗಳಿಗೆ ಗಡ್ಡ ನೆರೆತದ್ದನ್ನೂ ಮೇಷ್ಟ್ರು ಕಣ್ಣಾರೆ ನೋಡಿದರು. "ಏನ್ ಸಾರ್, ಒಂಬತ್ತನೇ ಕ್ಲಾಸು ಇನ್ನೂ ಪಾಸಾಗಿಲ್ವಾ?" ಎಂದು ಅಂಗಡಿಯವನು ನಗುವನು. ಮೇಷ್ಟ್ರೂ ಹಲ್ಲು ಕಿರಿದು ಎದ್ದು ಬರುವರು.

ನಿವೃತ್ತಿಯ ಹಿಂದಿನ ವರ್ಷ ಹೊಸ ಸಂಪಾದಕಿ ಬಂದರು. ಅಲ್ಲಿಯವರೆಗೆ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ಹೆಂಗಸು. ಬೆರಳಿನಲ್ಲಿ ಇನ್ನೂ ಸೀಮೆಸುಣ್ಣ ಇದೆಯೇನೋ ಎಂಬಂತೆ ಮಾತಿನ ಮಧ್ಯೆ ಕೈ ಕೊಡವುವ ಅಭ್ಯಾಸ. ಅವರು ಸಭೆಗೆ ಕಾಯಲಿಲ್ಲ. ಪುಸ್ತಕ ಹಿಡಿದು ನೇರ ಮೇಷ್ಟ್ರ ಮೇಜಿಗೇ ಬಂದರು.

"ಸರ್, ಈ ಸಲ ಇದನ್ನ ತೆಗೀಲೇಬೇಕು."

"ಮುಂದಿನ ಮುದ್ರಣಕ್ಕೆ ನೋಡೋಣಮ್ಮಾ, ಈಗ ಕೈ ತುಂಬ..."

"ಅದನ್ನೇ ಹೇಳ್ತೀರಿ ಅಂತ ಎಲ್ಲರೂ ಹೇಳಿದ್ರು." ಸಂಪಾದಕಿ ಕುರ್ಚಿ ಎಳೆದುಕೊಂಡು ಕೂತರು. "ಒಂದು ವಿಷಯ ಕೇಳಿ ಸರ್. ಹೋದ ವರ್ಷ ಕ್ಲಾಸಲ್ಲಿ ಈ ಚಿತ್ರದ ಕೆಳಗಿರೋ ಪ್ರಯೋಗ ಮಾಡಿಸ್ತಿದ್ದೆ. ಹತ್ತಿ ಸಕ್ಕರೆ ನೀರಲ್ಲಿ ಅದ್ದಿ ನಾಲಿಗೆಗೆ ಮುಟ್ಟಿಸೋದು. ಒಬ್ಳು ಹುಡುಗಿ, ಮೇಡಂ, ಪಕ್ಕಕ್ಕೆ ಇಟ್ರೂ ಸಿಹಿನೇ ಇದೆ ಅಂದ್ಲು. ನಾನು ಪುಸ್ತಕ ತೋರಿಸ್ದೆ. ಸರಿಯಾಗಿ ನೋಡು ಅಂದೆ. ಮತ್ತೆ ಇಟ್ಕೊಂಡ್ಲು. ಮತ್ತೆ ಸಿಹಿ ಅಂದ್ಲು. ಮತ್ತೆ ನೋಡು ಅಂದೆ. ಕೊನೆಗೆ ನನ್ನ ಮುಖ ನೋಡಿ, ಹೌದು ಮೇಡಂ, ತುದೀಲಿ ಮಾತ್ರ ಅಂದ್ಬಿಟ್ಲು. ಅವಳ ನಾಲಿಗೇನೇ ಅವಳು ನಂಬದ ಹಾಗೆ ಮಾಡ್ದೆ ಸರ್ ನಾನು. ಅದಕ್ಕೆ ಈ ಕೆಲಸಕ್ಕೆ ಬಂದೆ."

ಮೇಷ್ಟ್ರು ನಾಳೆ ಹೇಳುತ್ತೇನೆಂದು ತೊದಲಿ, ಕೊಡೆ ಅಲ್ಲೇ ಮರೆತು ಹೊರಟರು.

ಮನೆಯಲ್ಲಿ ಹೆಂಡತಿ ಬಟ್ಟೆ ಮಡಿಸುತ್ತಿದ್ದರು. ಮೇಷ್ಟ್ರು ನೇರ ಅಡುಗೆಮನೆಗೆ ಹೋಗಿ ಲೋಟದಲ್ಲಿ ಸಕ್ಕರೆ ಕದಡಿದರು. ಹತ್ತಿ ಅದ್ದಿ, ಅದೇ ಹಳೆಯ ಸ್ಟೂಲಿನ ಮೇಲೆ ಕೂತು ನಾಲಿಗೆ ಚಾಚಿದರು. ಅಷ್ಟು ವರ್ಷ ಎಲ್ಲ ಓದಿ ತಿಳಿದಿದ್ದವರು ಇದನ್ನು ಒಮ್ಮೆಯೂ ಮಾಡಿ ನೋಡಿರಲಿಲ್ಲ. ತುದಿಗಿಟ್ಟರು, ಸಿಹಿ. ಬಾಯಿ ಮುಕ್ಕಳಿಸಿ ಪಕ್ಕಕ್ಕಿಟ್ಟರು, ಸಿಹಿ. ಹಿಂದಕ್ಕಿಟ್ಟಾಗ ವಾಕರಿಕೆ ಬಂತು, ಆದರೂ ಸಿಹಿಯೇ.

"ಏನ್ರೀ ಇದು, ಚಿಕ್ಕ ಮಗು ಥರ?" ಹೆಂಡತಿ ಬಾಗಿಲಲ್ಲಿ ನಿಂತಿದ್ದರು.

ಮೇಷ್ಟ್ರು ಹತ್ತಿಯನ್ನು ಲೋಟದೊಳಗೆ ಬಿಟ್ಟರು. "ಆವತ್ತು ಅಲ್ಲಾಡದೇ ಕೂತಿರ್ಲಿ ಅಂತ ಪುಟ್ಟಿ ನಾಲಿಗೆ ಮೇಲೆ ಸಕ್ಕರೆ ಹಾಕ್ತಿದ್ದೆ. ಪಕ್ಕಕ್ಕೆ ಜಾರಿದ್ರೂ ಸಿಹಿ ಇದೆ ಅಪ್ಪಾ ಅಂದ್ಲು ಕಣೇ. ತಲೆಹರಟೆ ಮಾಡ್ಬೇಡ, ಪುಸ್ತಕದಲ್ಲಿ ಹಾಗಿಲ್ಲ ಅಂತ ಗದರಿದೆ. ಇನ್ನೊಂದ್ಸಲ ಅಂದ್ಲು, ಇನ್ನೂ ಜೋರಾಗಿ ಗದರಿದೆ. ಆಮೇಲೆ, ಹೂಂ ಅಪ್ಪಾ, ತುದೀಲಿ ಮಾತ್ರ ಅಂದ್ಲು. ನಿಜವಾಗ್ಲೂ ಹಾಗೇ ಅನ್ನಿಸ್ತೇನೋ ಅಂತ ಇಷ್ಟು ವರ್ಷ ನಂಬ್ಕೊಂಡೆ. ಚಿತ್ರ ತಪ್ಪು ಅಂತ ಒಪ್ಕೊಂಡ್ರೆ ಅವಳು ಮೊದಲು ಹೇಳಿದ್ದೇ ಸರಿ ಅಂತ ಆಗ್ಬಿಡತ್ತಲ್ಲ."

ಹೆಂಡತಿ ಕೈಯಲ್ಲಿ ಮಡಿಸಿ ಹಿಡಿದಿದ್ದ ಟವೆಲನ್ನು ಬಿಚ್ಚಿ ಮತ್ತೆ ಮಡಿಸುತ್ತ ಹೇಳಿದರು. "ನಂಗೆ ಆವತ್ತೇ ಹೇಳಿದ್ಲು ರೀ. ಅಮ್ಮಾ, ಎಲ್ಲಾ ಕಡೆನೂ ಸಿಹಿನೇ ಇತ್ತು, ಅಪ್ಪಂಗೆ ಬೇಜಾರಾಗತ್ತೆ ಅಂತ ಸುಳ್ಳು ಹೇಳ್ದೆ ಅಂದ್ಲು. ಜ್ವರ ಬಂದು ಮಲಗಿದ ಮೇಲೂ ಅದೇ ಮಾತು, ಸುಳ್ಳು ಹೇಳ್ಬಾರ್ದಿತ್ತು ಅಲ್ವಾ ಅಮ್ಮಾ ಅಂತ. ನಿಮ್ಗೆ ಹೆಂಗೆ ಹೇಳ್ಲಿ? ನೀವು ಆ ಪುಟ ಹಿಡ್ಕೊಂಡೇ ಬದುಕಿದ್ರಿ."

ಮೇಷ್ಟ್ರು ಬಿಕ್ಕಿ ಬಿಕ್ಕಿ ಅತ್ತರು. ಮಗಳು ಹೋದ ದಿನ ಕಲ್ಲಿನ ಹಾಗೆ ಕೂತಿದ್ದ ಮನುಷ್ಯ ಈಗ ಹೆಂಡತಿಯ ಕೈ ಹಿಡಿದು ಅತ್ತರು. ಹೆಂಡತಿ ಬೆನ್ನು ಸವರುತ್ತ ಲೋಟವನ್ನು ಆಚೆ ಸರಿಸಿದರು.

ಮರುದಿನ ಸಂಪಾದಕಿಯ ಎದುರು ಕೂತು ಎಲ್ಲ ಹೇಳಿದರು. ಸಂಪಾದಕಿ ಪುಸ್ತಕ ತೆರೆದು ಆ ಪುಟವನ್ನು ಅವರ ಕಡೆ ತಿರುಗಿಸಿದರು.

"ಸರ್, ಹಾಗಿದ್ರೆ ಗೆರೆ ಅಷ್ಟೇ ಅಳಿಸೋಣ. ಮುಖ ಇರ್ಲಿ. ಅದರಲ್ಲೇನೂ ತಪ್ಪಿಲ್ಲ."

ಆ ಮಾತಿಗೆ ಮೇಷ್ಟ್ರ ಜೀವ ಒಮ್ಮೆ ಆಸೆಪಟ್ಟಿತು. ಪುಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದರು.

"ಬೇಡಮ್ಮಾ. ಎಷ್ಟು ವರ್ಷ ಅಂತ ನಾಲಿಗೆ ಚಾಚ್ಕೊಂಡು ಕೂತಿರ್ತಾಳೆ, ಪಾಪ. ಬಾಯಿ ಮುಚ್ಚಿ ಸ್ವಲ್ಪ ಸುಧಾರಿಸ್ಕೊಳ್ಲಿ." ತಡೆದು ಮತ್ತೆ ಹೇಳಿದರು. "ಪ್ರಯೋಗದ ಕೆಳಗೆ ಒಂದು ವಾಕ್ಯ ಮಾತ್ರ ಹಾಕ್ಸಿ. ನಿಮ್ಮ ನಾಲಿಗೆಗೆ ಏನು ಅನ್ನಿಸಿತೋ ಅದನ್ನೇ ಬರೆಯಿರಿ, ಅಂತ."

ಮುಖವಿದ್ದ ಜಾಗದಲ್ಲಿ ರುಚಿಮೊಗ್ಗಿನ ಚಿತ್ರ ಬರೆದುಕೊಟ್ಟರು. ಅವರ ಕೈಯ ಅತ್ಯುತ್ತಮ ಚಿತ್ರ ಅದೇ ಎಂದು ಕಚೇರಿಯಲ್ಲಿ ಇಂದಿಗೂ ಹೇಳುತ್ತಾರೆ. ಬರೆಯುವಾಗ ಯಾರೋ ಭುಜದ ಹಿಂದೆ ನಿಂತು ಉಸಿರಾಡಿದಂತಾಗಿ ಹಲವು ಸಲ ತಿರುಗಿ ನೋಡಿದರಂತೆ.

ಹೊಸ ಪುಸ್ತಕ ಒಂದು ವರ್ಷ ಮಕ್ಕಳ ಕೈಯಲ್ಲಿ ಸವೆದು ಹಳೆ ಪುಸ್ತಕದ ಅಂಗಡಿಗೆ ಬಂತು. ಮೇಷ್ಟ್ರು ಆಗ ನಿವೃತ್ತರು. ಕಾಲು ತಾನಾಗಿ ಅತ್ತ ಎಳೆಯಿತು. ಮೊದಲು ಸಿಕ್ಕ ಪುಸ್ತಕದಲ್ಲಿ ಆ ಪುಟ ತೆಗೆದರು. ಮೀಸೆ ಬರೆಯಲು ಮುಖವಿಲ್ಲದೆ ಪುಟ ಸ್ವಚ್ಛವಾಗಿತ್ತು. ಅವಳು ಎಲ್ಲೂ ಇರಲಿಲ್ಲ. ಪುಸ್ತಕ ಮುಚ್ಚಲು ಹೋದರು. ಆಗ ಕೆಳಗೆ, ಪ್ರಯೋಗದ ಖಾಲಿ ಗೆರೆಗಳ ಮೇಲೆ, ಪೆನ್ಸಿಲಿನಲ್ಲಿ ಸೊಟ್ಟಂಬಟ್ಟ ಅಕ್ಷರ ಕಂಡಿತು. ತುದಿ, ಸಿಹಿ. ಪಕ್ಕ, ಸಿಹಿ. ಹಿಂದೆ, ಸಿಹಿ.

ಯಾವ ಮಗು ಬರೆದದ್ದೋ ಏನೋ. ಮೇಷ್ಟ್ರಿಗೆ ಅದು ಕೇಳಿಸಿದ್ದು ಒಂದೇ ದನಿಯಲ್ಲಿ, ಸ್ಟೂಲಿನ ಮೇಲಿಂದ, ಬಾಯಿ ತುಂಬ ಸಕ್ಕರೆ ಇಟ್ಟುಕೊಂಡು.

"ಹೌದು ಪುಟ್ಟೀ," ಎಂದರು ಗಟ್ಟಿಯಾಗಿ. "ನೀನು ಹೇಳಿದ್ದೇ ಸರಿ."

ಅಂಗಡಿಯವನು ತಲೆ ಎತ್ತಿ, ಯಾರ ಜೊತೆ ಮಾತಾಡುತ್ತಿದ್ದಾರೆಂದು ಅವರ ಪಕ್ಕ ನೋಡಿದ.