ಮೊಣಕಾಲಿನ ಗಂಟು, ಬಚ್ಚಲ ಗೂಡಿನ ಲೋಟ

ಅಥಣಿಯ ನಮ್ಮ ಮನೆಯ ಪಡಸಾಲೆಯಲ್ಲಿ ಚಪ್ಪಲಿಗೆ ತೊಗಲಿನ ಜಡೆ ಹೆಣೆಯುತ್ತ ಕೂತಿದ್ದೆ. ಏಳಲು ಹೋದರೆ ಬಲಗಾಲು ಊರಲಾಗಲಿಲ್ಲ. ಕೂತು ಕೂತು ಜೋಮು ಹಿಡಿದಿರಬೇಕು ಅಂದುಕೊಂಡೆ. ಎರಡು ತಿಂಗಳು ಹಾಗೇ ಅಂದುಕೊಂಡೆ. ಎಣ್ಣೆ ತಿಕ್ಕಿದ್ದಾಯಿತು, ಮುಲಾಮು ಮುಗಿಯಿತು. ಮೊಣಕಾಲ ಕೆಳಗಿನ ಬಾವು ಮಾತ್ರ ಇಳಿಯಲಿಲ್ಲ.

ಎಕ್ಸ್‌ರೇ ನೋಡಿದ ಡಾಕ್ಟರು, ಎಲುಬಿನೊಳಗೆ ಗಂಟಿನಂಥದ್ದೇನೋ ಇದೆ, ಮಿರಜಿಗೆ ಹೋಗಿ ಎಂಆರ್‌ಐ, ಬಯಾಪ್ಸಿ ಮಾಡಿಸಿ ಎಂದರು.

ಬಯಾಪ್ಸಿ.

ನಮ್ಮ ಮನೆಯಲ್ಲಿ ಆ ಮಾತಿಗೆ ಒಂದೇ ಅರ್ಥ, ಕ್ಯಾನ್ಸರ್. ಮರುದಿನವೇ ಅತ್ತೆ ನನ್ನ ತಾಟು, ಸ್ಟೀಲ್ ಲೋಟ ಎರಡನ್ನೂ ಬಚ್ಚಲ ಗೂಡಿನಲ್ಲಿ ಬೇರೆ ಇಟ್ಟರು. ಚಹಾ ಪೇಪರ್ ಕಪ್ಪಿನಲ್ಲಿ ಬಂತು. ಏಳು ವರ್ಷದ ಮಗಳು ಸಾನಿಕಾಳ ಹಾಸಿಗೆ ಅಜ್ಜಿಯ ಕೋಣೆಗೆ ಹೋಯಿತು. ಗಂಡ ಎಲ್ಲ ನೋಡಿದರು, ತಲೆ ತಗ್ಗಿಸಿದರು. ಆ ತಗ್ಗಿದ ತಲೆಯ ಮೇಲೆ ನನಗಿನ್ನೂ ಸಿಟ್ಟಿದೆ.

ಪಕ್ಕದ ಮನೆಯ ಮಂಗಲಕ್ಕ ಮಾತಾಡಿಸಲು ಬಂದಳು. ಎರಡು ವರ್ಷದ ಹಿಂದೆ ಅವಳಿಗೆ ಸ್ತನದ ಕ್ಯಾನ್ಸರ್ ಆಗಿತ್ತು, ಈಗ ಆರಾಮಿದ್ದಾಳೆ. ಇಬ್ಬರಿಗೂ ಪೇಪರ್ ಕಪ್ಪಿನಲ್ಲೇ ಚಹಾ ಬಂತು. ನಾನು ನನ್ನದನ್ನು ಪಕ್ಕಕ್ಕೆ ಸರಿಸಿದೆ.

"ಕುಡಿ ತಂಗಿ," ಅಂದಳು. "ನಾಕ್ ದಿನದಾಗ ರೂಢಿ ಆಗತೈತಿ."

ಅವಳು ಆಸ್ಪತ್ರೆಯಿಂದ ಬಂದಾಗ ಅವಳಿಗೆಂದೇ ಅಂಗಡಿಯಿಂದ ಪೇಪರ್ ಕಪ್ಪಿನ ಕಟ್ಟು ತಂದವಳು ನಾನು. ಅತ್ತೆ ಅಲ್ಲ. ನಾನೇ. ಥೂ, ನನ್ನ ಬುದ್ಧಿಗಿಷ್ಟು.

ಬಯಾಪ್ಸಿ ಮಾಡಿಸಿದ ಹದಿನೈದು ದಿನಕ್ಕೆ ರಿಪೋರ್ಟ್ ಬಂತು. ಮಿರಜಿನ ಡಾಕ್ಟರು ಅರ್ಧ ಮರಾಠಿ, ಅರ್ಧ ಕನ್ನಡ.

"ಹೇ ಕ್ಯಾನ್ಸರ್ ನಾಹೀ. ಬೋನ್ ಸಿಸ್ಟ್ ಐತ್ರಿ, ಎಲುಬಿನಾಗ ನೀರಿನ ಗುಳ್ಳಿ ಇದ್ದಂಗ. ಬಿನೈನ್, ಜೀವಕ್ಕ ಅಪಾಯ ಇಲ್ಲ. ಕೆರದ್ ತಗದ್ರ ಆತು."

ಕೆರೆದು ತೆಗೆದರು. ಆ ಪೊಳ್ಳಿಗೆ ಟೊಂಕದ ಎಲುಬಿನ ಚೂರು ತುಂಬಿದರು. ಮೊಣಕಾಲಿಗಿಂತ ಟೊಂಕವೇ ಹೆಚ್ಚು ನೋಯುತ್ತದೆ ಎಂದು ಯಾರೂ ಮೊದಲೇ ಹೇಳಿರಲಿಲ್ಲ. ಆರು ವಾರ ವಾಕರ್ ಹಿಡಿದೆ.

ಆಸ್ಪತ್ರೆಯಿಂದ ಮನೆಗೆ ಬಂದ ದಿನ ನೋಡಿದರೆ ನನ್ನ ಲೋಟ ಅಡುಗೆಮನೆಯಲ್ಲಿ ಎಲ್ಲರ ಲೋಟಗಳ ಜೊತೆಗಿತ್ತು. ಮಗಳ ಹಾಸಿಗೆಯೂ ಮರಳಿ ಬಂದಿತ್ತು. ಏನೂ ನಡೆದೇ ಇಲ್ಲ ಎನ್ನುವ ಹಾಗೆ ಅತ್ತೆ ಬಂದವರಿಗೆಲ್ಲ ನಗುನಗುತ್ತ ಸುದ್ದಿ ಹೇಳಿದರು. ಮಂಗಲಕ್ಕನೂ ಬಂದಳು. ನನಗೆ ಸ್ಟೀಲ್ ಲೋಟದಲ್ಲಿ ಚಹಾ, ಅವಳಿಗೆ ಪೇಪರ್ ಕಪ್ಪು.

ನಾನು ಅದಲುಬದಲು ಮಾಡಿದೆ. ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ಕುಡಿದಳು.

ಸಂಜೆ ನೋಡಿದರೆ ಆ ಲೋಟ ಮತ್ತೆ ಬಚ್ಚಲ ಗೂಡಿನಲ್ಲಿತ್ತು.

ಈಗ ನಡೆಯುತ್ತೇನೆ. ಸಿಸ್ಟ್ ಮರಳಿ ಬರಬಹುದಂತೆ, ಆರು ತಿಂಗಳಿಗೊಮ್ಮೆ ಎಕ್ಸ್‌ರೇ ಮಾಡಿಸಬೇಕು. ಕಾಲು ಉಳಿಯಿತು, ಅದೇನು ಸಣ್ಣ ಮಾತಲ್ಲ. ಲೋಟವನ್ನು ಮಾತ್ರ ನಾನು ಒಳಗೆ ತರಲಿಲ್ಲ. ಗೂಡಿನಿಂದಲೇ ತೆಗೆದುಕೊಂಡು ಕುಡಿಯುತ್ತೇನೆ. ಮಂಗಲಕ್ಕ ಬಂದರೆ ಅವಳಿಗೂ ಅದರಲ್ಲೇ ಕೊಡುತ್ತೇನೆ.

ಮೊನ್ನೆ ಶಾಲೆಯಿಂದ ಬಂದ ಸಾನಿಕಾ ಗೂಡಿಗೆ ಕೈ ಹಾಕಿ ಅದೇ ಲೋಟದಲ್ಲಿ ನೀರು ತುಂಬಿಕೊಂಡಳು. ಅತ್ತೆ ನೋಡುತ್ತ ನಿಂತಿದ್ದರು. ಅವಳು ಗಟಗಟ ಕುಡಿದು, ಲೋಟವನ್ನು ಅಲ್ಲೇ ಇಟ್ಟು, ಆಡಲು ಓಡಿದಳು.