ತೋಕಿಲುಪೆ ಅಪ್ಪನಿಗೆ ಕಳಿಸಿದ ಮುಖಗಳು

ರಾಬಿನ್‌ವೇಲಿನ ನಮ್ಮ ಬೀದಿಯಲ್ಲಿ ಟೊಂಗಾ ದ್ವೀಪಗಳಿಂದ ದುಡಿಯಲು ಬಂದವರ ಮನೆ ಹದಿನಾಲ್ಕು. ಹದಿನಾಲ್ಕೂ ಮನೆಯವರು ದ್ರಾಕ್ಷಿ ತೋಟಕ್ಕೆ ಹೋಗುವವರೇ. ತೋಕಿಲುಪೆಯ ಮನೆ ನನ್ನ ಮನೆಗೆ ಅಂಟಿಕೊಂಡದ್ದು. ಅವಳು ಆ ಕಡೆ ಮೊಳೆ ಹೊಡೆದರೆ ಈ ಕಡೆ ನನ್ನ ಕ್ಯಾಲೆಂಡರು ಬೀಳುತ್ತದೆ. ಅವಳ ಸಂಗತಿ ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿ ಯಾರೂ ಇಲ್ಲ.

ಅವಳು ಬಂದ ಹೊಸದರಲ್ಲಿ ಜೊತೆಯವರು ಯಾರೋ ತೋಟದಲ್ಲೇ ಅವಳದೊಂದು ಫೋಟೋ ತೆಗೆದು ಊರಿಗೆ ಕಳಿಸಿದರು. ಟೊಂಗಾದ ಹಾಪೈ ದ್ವೀಪದಲ್ಲಿದ್ದ ಅವಳಪ್ಪ ಪೆನಿಸಿಮನಿ ಅದನ್ನು ನೋಡಿ ಎರಡು ದಿನ ಗೆಣಸು ಮುಟ್ಟಲಿಲ್ಲವಂತೆ. ಮೂರನೆಯ ದಿನ ಫೋನು. "ಮಗಳೇ, ಅಲ್ಲಿ ನಿನಗೆ ಊಟ ಹಾಕ್ತಾರೋ ಇಲ್ವೋ? ಮುಖ ಒಣಗಿದ ಮೀನಾಗಿದೆಯಲ್ಲೇ!"

ಅವತ್ತಿನಿಂದ ತೋಕಿ ಬೇರೆ ಯಾರ ಕೈಯಲ್ಲೂ ಫೋಟೋ ತೆಗೆಸಿಕೊಳ್ಳಲಿಲ್ಲ. ತಿಂಗಳಿಗೊಮ್ಮೆ, ಭಾನುವಾರ ಚರ್ಚಿನಿಂದ ಬಂದ ಮೇಲೆ, ಬಟ್ಟೆ ಒಗೆಯುವ ಕೋಣೆಯ ಕಿಟಕಿ ಎದುರು ಬಿಳಿ ಹಾಸಿಗೆ ಹೊದಿಕೆ ಕಟ್ಟುತ್ತಿದ್ದಳು. ಇಸ್ತ್ರಿ ಹಲಗೆಯನ್ನು ಎದೆಯ ಮಟ್ಟಕ್ಕೆ ಏರಿಸಿ, ಮಾಂಸದ ಡಬ್ಬಕ್ಕೆ ಫೋನು ಒರಗಿಸಿ, ಗುಂಡಿ ಒತ್ತಿ ಓಡುತ್ತಿದ್ದಳು. ಹತ್ತು ಸೆಕೆಂಡು. ದೀಪ ಮಿಣುಕುವಷ್ಟರಲ್ಲಿ ಗದ್ದ ಎತ್ತಿ, ಕಣ್ಣರಳಿಸಿ, ಎಲ್ಲ ಸುಖವಾಗಿದೆ ಎನ್ನುವ ಮುಖ ಮಾಡಿಕೊಂಡು ನಿಂತಿರಬೇಕು. ನಲವತ್ತು ತೆಗೆದು ಒಂದು ಕಳಿಸುತ್ತಿದ್ದಳು.

"ಏನೇ, ಅರಮನೆಯಿಂದ ಹೆಣ್ಣು ನೋಡೋಕೆ ಬರ್ತಿದ್ದಾರಾ? ಎರಡು ಮಕ್ಕಳ ತಾಯಿ ನೀನು," ಅಂತ ನಾನು ಬಾಗಿಲಲ್ಲಿ ನಿಂತು ಕೆಣಕುತ್ತಿದ್ದೆ.

"ಸುಮ್ನಿರಕ್ಕ, ನಗಿಸಬೇಡ. ನಕ್ಕರೆ ನನಗೆ ಎರಡು ಗದ್ದ ಬರುತ್ತೆ."

ಪೆನಿಸಿಮನಿ ಪ್ರತಿಯೊಂದನ್ನೂ ಬಂದರಿನ ಅಂಗಡಿಯಲ್ಲಿ ಕಾಗದಕ್ಕೆ ಇಳಿಸಿಕೊಂಡು, ಕಪ್ಪೆಚಿಪ್ಪಿನ ಹಾರ ಹಾಕಿ ಗೋಡೆಗೆ ನೇತುಹಾಕುತ್ತಿದ್ದ. "ನನ್ನ ಮಗಳಿಗೆ ಅಲ್ಲಿ ನೆರಳಲ್ಲೇ ಕೆಲಸ," ಅಂತ ಬಂದವರಿಗೆಲ್ಲ ತೋರಿಸುತ್ತಿದ್ದ. ಹನ್ನೊಂದು ವರ್ಷ ಹೀಗೇ ನಡೆಯಿತು.

ಹೋದ ಜುಲೈನಲ್ಲಿ, ನಾವು ಬಳ್ಳಿ ಸವರುವ ಚಳಿಯ ಕಾಲದಲ್ಲಿ, ಪೆನಿಸಿಮನಿ ತೀರಿಕೊಂಡ. ಮಂಗಳವಾರ ಬೆಳಿಗ್ಗೆ ಸುದ್ದಿ ಬಂತು, ಮಣ್ಣು ಗುರುವಾರ. ತೋಕಿ ಇಲ್ಲಿ ಉಳಿಯುವ ಕಾಗದಪತ್ರ ಇನ್ನೂ ಅರ್ಜಿಯಲ್ಲೇ ಕೂತಿತ್ತು. ದೇಶ ಬಿಟ್ಟು ಹೊರಗೆ ಕಾಲಿಟ್ಟರೆ ಮತ್ತೆ ಒಳಗೆ ಬಿಡುವುದಿಲ್ಲ. ಮಕ್ಕಳು ಇಲ್ಲಿ.

ನಮ್ಮಲ್ಲಿ ಸಾವಿನ ಮನೆಯ ಯಜಮಾನಿಕೆ ಸತ್ತವನ ಅಕ್ಕನದು. ಸೋದರತ್ತೆ ಮೆಲೆಸೇನಿ ಫೋನಿನಲ್ಲಿ ಅಂದಳು: "ಅಳಬೇಡ. ಬರೋಕಾಗದಿದ್ರೆ ಸೂತಕದ ಬಟ್ಟೆ ಹಾಕ್ಕೊಂಡು ನಿನ್ನ ಫೋಟೋ ಕಳಿಸು. ಹೆಣದ ಪೆಟ್ಟಿಗೆ ಹತ್ತಿರ ಮಕ್ಕಳ ಸಾಲಿನಲ್ಲಿ ಇಡ್ತೀನಿ. ನೀನೂ ಇದ್ದ ಹಾಗೇ."

ಅಪ್ಪನ ಹತ್ತಿರ ಇರುವುದಕ್ಕೆ ಅವಳಿಗೆ ಉಳಿದಿದ್ದ ದಾರಿ ಅದೊಂದೇ. ನಮ್ಮಲ್ಲಿ ಸಾವಿಗೆ ಕಪ್ಪು ಬಟ್ಟೆಯ ಮೇಲೆ ಚಾಪೆ ಸುತ್ತಿಕೊಳ್ಳಬೇಕು. ತೋಕಿ ಕಪ್ಪು ಉಟ್ಟು, ಟ್ರಂಕಿನಿಂದ ತಾಯಿ ಹೆಣೆದಿಟ್ಟುಹೋಗಿದ್ದ ಚಾಪೆ ತೆಗೆದು ಸೊಂಟಕ್ಕೆ ಸುತ್ತಿದಳು. ರೇಷ್ಮೆಯಂಥ ಚಾಪೆ. ಕಿಟಕಿಯ ಬೆಳಕಿನಲ್ಲಿ ಕೈ ಹಿಂದೆ ಕಟ್ಟಿ ನಿಂತು, ಮೊಣಕಾಲವರೆಗೂ ಕಾಣುವ ಹಾಗೆ ತೆಗೆದು, ಒಂದು ಆರಿಸಿ ಕಳಿಸಿದಳು. ನಾನು ತೋಟದಲ್ಲಿದ್ದೆ. ಮನೆಯಲ್ಲಿದ್ದಿದ್ದರೆ ಕೈ ಹಿಡಿದು ನಿಲ್ಲಿಸುತ್ತಿದ್ದೆ.

ಬುಧವಾರ ಮಧ್ಯಾಹ್ನ ಅತ್ತೆಯ ಫೋನು ಬಂದಾಗ ನಾನು ಕೆಸುವಿನ ಎಲೆಯಲ್ಲಿ ಮಾಂಸ ಸುತ್ತಿ ಅವಳಿಗೆ ಕೊಡೋಕೆ ಹೋಗಿದ್ದೆ. ಆ ಮುದುಕಿಯ ದನಿ ಕೋಣೆಯ ತುಂಬ ಕೇಳುತ್ತಿತ್ತು.

"ಏನೇ, ನಿಮ್ಮಪ್ಪನಿಗಿಂತ ದೊಡ್ಡವಳಾಗಿಬಿಟ್ಯಾ? ಹೆತ್ತವನು ಸತ್ತಾಗ ಮಗಳು ಉಡೋ ಚಾಪೇನಾ ಅದು? ಊರಿಗೂರೇ ನೋಡ್ತು. ಗೋಡೆ ಕಡೆ ತಿರುಗಿಸಿ ಇಟ್ಟಿದ್ದೀನಿ ನಿನ್ನ."

ತೋಕಿ ನೆಲಕ್ಕೆ ಕೂತುಬಿಟ್ಟಳು. ಹರಕು ಚಾಪೆ ಸುತ್ತಿಕೊಂಡು ಒಲೆಯ ಹತ್ತಿರ ದುಡಿಯಬೇಕಾದವರು ಸತ್ತವನ ಮಕ್ಕಳು. ನಯದ ಚಾಪೆ ಸತ್ತವನಿಗಿಂತ ಮೇಲಿನವರದು. ಗೊತ್ತಿಲ್ಲದವಳೇನಲ್ಲ ಅವಳು. ಆದರೆ ದೊಡ್ಡವಳಾದ ಮೇಲೆ ಅವಳು ಕಂಡ ಸಾವು ಎರಡೇ, ಎರಡೂ ಸೋದರಮಾವಂದಿರದು. ಅಲ್ಲಿ ಸೋದರ ಸೊಸೆಗೆ ಎಲ್ಲರಿಗಿಂತ ಎತ್ತರದ ಜಾಗ, ನಯದ ಚಾಪೆ. ಸಾವು ಅಂದ ಕೂಡಲೇ ಅವಳ ಕೈ ತಾನಾಗಿ ಆ ಟ್ರಂಕಿಗೆ ಹೋಗಿತ್ತು.

"ಬೇರೆ ಕಳಿಸ್ತೀನಿ ಅತ್ತೆ. ಈಗಲೇ ಕಳಿಸ್ತೀನಿ."

"ಬೇಗ. ನಾಳೆ ಬೆಳಿಗ್ಗೆ ಹೊತ್ತುಕೊಂಡು ಹೋಗ್ತಾರೆ."

ಹರಕು ಚಾಪೆ ಎಲ್ಲಿಂದ ತರೋದು? ವಿಮಾನದಲ್ಲಿ ಬರುವಾಗ ಯಾರಾದರೂ ಹಳೇ ಚಾಪೆ ಹೊತ್ತು ತರುತ್ತಾರಾ? ಹದಿನಾಲ್ಕು ಮನೆ ತಡಕಿದರೂ ಇದ್ದದ್ದೆಲ್ಲ ಹೊಸದು, ಒಳ್ಳೆಯದು. ಕೊನೆಗೆ ನನ್ನ ಅಡುಗೆಮನೆಯ ಫ್ರಿಜ್ಜಿನ ಕೆಳಗೆ ಹಾಸಿದ್ದ ಚಾಪೆಯನ್ನು ಇಬ್ಬರೂ ಸೇರಿ ಎಳೆದೆವು. ಎಣ್ಣೆ ಕುಡಿದು ಕಪ್ಪಾಗಿತ್ತು, ಅಂಚೆಲ್ಲ ಕಿತ್ತುಹೋಗಿತ್ತು. ಅದನ್ನು ಎದೆಯಿಂದ ಮೊಣಕಾಲವರೆಗೆ ಸುತ್ತಿ ಹಗ್ಗ ಬಿಗಿದೆ. ಕೂದಲು ಬಿಚ್ಚಿ ಹರಡಿದೆ.

"ನಾನು ತೆಗೀತೀನಿ ಬಾ," ಅಂದೆ.

"ಬೇಡಕ್ಕ. ಅಪ್ಪನಿಗೆ ಯಾವಾಗಲೂ ನಾನೇ."

ಗುಂಡಿ ಒತ್ತಿದಳು, ಓಡಿದಳು, ನಿಂತಳು. ನೋಡಿದರೆ ಕೆನ್ನೆಯ ಮೇಲೆ ಕಣ್ಣೀರು ಹಾಗೇ ಇದೆ, ಗದ್ದ ಮಾತ್ರ ಎತ್ತಿದೆ, ಕಣ್ಣು ಅರಳಿದೆ. ಎಲ್ಲ ಸುಖವಾಗಿದೆ ಎನ್ನುವ ಮುಖ.

"ಮತ್ತೊಂದು ತೆಗಿ," ಅಂದೆ. ಮತ್ತೊಂದರಲ್ಲೂ ಅದೇ. ಹದಿನೇಳು ಸಲ ತೆಗೆದಳು. ಓಡುವಾಗ ಬಿಕ್ಕುತ್ತಿದ್ದಳು, ದೀಪ ಮಿಣುಕಿದರೆ ಸಾಕು, ಮುಖ ಅವಳ ಮಾತು ಕೇಳದೆ ತಾನೇ ಸಿಂಗರಿಸಿಕೊಳ್ಳುತ್ತಿತ್ತು. ಅಪ್ಪ ಹೆದರಬಾರದು ಅಂತ ಹನ್ನೊಂದು ವರ್ಷ ಕಲಿಸಿದ ಮುಖ, ಒಂದು ಮಧ್ಯಾಹ್ನದಲ್ಲಿ ಮರೆಯುತ್ತದಾ?

"ನನ್ನ ಮುಖ ನನಗೇ ಕೊಡ್ತಿಲ್ಲಕ್ಕ ಈ ಫೋನು," ಅಂತ ಎರಡೂ ಕೈಯಲ್ಲಿ ಕೆನ್ನೆಗೆ ಬಡಿದುಕೊಂಡಳು.

ಕಿಟಕಿಯ ಬೆಳಕು ಹಳದಿಗೆ ತಿರುಗುತ್ತಿತ್ತು. ಆಗ ಅವಳೇ ಹಗ್ಗ ಸಡಿಲಿಸಿ, ಗುಂಡಿ ಒತ್ತಿ, ಚಾಪೆಯನ್ನು ತಲೆಯ ಮೇಲೆ ಎಳೆದುಕೊಂಡು, ಮುಖ ಪೂರ್ತಿ ಮುಚ್ಚಿ, ಅಂಚನ್ನು ಮುಷ್ಟಿಯಲ್ಲಿ ಹಿಡಿದು ಮಂಡಿಯೂರಿದಳು. ನಮ್ಮಲ್ಲಿ ತೀರ ಹತ್ತಿರದವರು ಹಾಗೆ ಕೂರುವುದುಂಟು. ಆ ಫೋಟೋದಲ್ಲಿ ಇದ್ದದ್ದು ಒಂದು ಹರಕು ಚಾಪೆ, ಎರಡು ಕೈ. ಅದನ್ನೇ ಕಳಿಸಿದಳು.

ಗುರುವಾರ ಬೆಳಿಗ್ಗೆ ಅತ್ತೆ ಫೋನು ಮಾಡಿದಳು. ಹಿಂದೆ ಚರ್ಚಿನ ಹಾಡು ಕೇಳುತ್ತಿತ್ತು. ಅವಳ ದನಿಯಲ್ಲಿ ನಿನ್ನೆಯ ಸಿಟ್ಟಿರಲಿಲ್ಲ.

"ಬಂತು ಮಗಳೇ. ಆದರೆ ಬಂದರಿನ ಅಂಗಡಿಯವನೂ ಅಂಗಡಿ ಮುಚ್ಚಿ ಸಾವಿಗೇ ಬಂದಿದ್ದಾನೆ. ಕಾಗದಕ್ಕೆ ಇಳಿಸೋಕಾಗಲಿಲ್ಲ. ಪೆಟ್ಟಿಗೆ ಮುಚ್ಚಿಬಿಟ್ಟರು."

ಅತ್ತೆ ಆ ಫೋಟೋವನ್ನೇ ನೋಡುತ್ತ ಕೇಳಿದಳು:

"ಈ ಕೈ ಯಾರದ್ದೇ?"

"ನಂದೇ ಅತ್ತೆ."

"ಉಗುರಿಲ್ಲ, ಕೈ ತುಂಬ ಸೀಳು. ಎದೆಯಿಂದ ಮೇಲಕ್ಕೇ ಕಳಿಸ್ತಿದ್ದೆಯಲ್ಲೇ ಇಷ್ಟು ವರ್ಷ. ಪೆನಿಸಿಮನಿಗೆ ಗೊತ್ತಿತ್ತಾ?"

"ಇಲ್ಲ."

ಆಮೇಲೆ ಅತ್ತೆ ಕೇಳಿದಳು: "ಗೋಡೆ ಮೇಲೆ ಇರೋದನ್ನೆಲ್ಲ ಏನು ಮಾಡ್ಲಿ? ಮನೆ ತುಂಬ ನಗ್ತಾ ಇದ್ದೀಯ."

"ತೆಗೆದುಬಿಡಿ ಅತ್ತೆ."

"ಅವನ ಕಣ್ಣು ಮುಚ್ಚೋವರೆಗೂ ಅದನ್ನೇ ನೋಡ್ತಿದ್ದ. ಹೇಗೆ ತೆಗೀಲಿ?"

ಹತ್ತನೆಯ ದಿನ ಅಲ್ಲಿ ಮಕ್ಕಳ ಕೂದಲು ಕತ್ತರಿಸಿದರು. ಅದು ಸೋದರತ್ತೆಯ ಕೈಯಿಂದಲೇ ಆಗಬೇಕು. ಬೇರೆ ಯಾರೂ, ತಾನೇ ಆದರೂ, ಕತ್ತರಿ ಮುಟ್ಟುವಂತಿಲ್ಲ. ಹಾಗಾಗಿ ತೋಕಿಯ ಕೂದಲು ಉಳಿದುಕೊಂಡಿತು. ಕತ್ತರಿಸುವವರೆಗೆ ಕಟ್ಟುವಂತೆಯೂ ಇಲ್ಲ. ಈಗ ಬೇಸಿಗೆ ಬಂತು, ಕೊಯ್ಲು ಶುರುವಾಯಿತು. ಎಲ್ಲರೂ ತಲೆ ಕಟ್ಟಿಕೊಂಡರೆ ಅವಳು ಬಿಚ್ಚುಗೂದಲಿನಲ್ಲೇ ಬಳ್ಳಿಯ ಸಾಲಿಗೆ ಇಳಿಯುತ್ತಾಳೆ. ಅದು ಬೆವರಿಗೆ ಕುತ್ತಿಗೆಗೆ ಅಂಟುತ್ತದೆ, ತಂತಿಗೆ ಸಿಕ್ಕುತ್ತದೆ. ನಾನು ಹಿಂದೆ ನಿಂತು ಬಿಡಿಸುತ್ತೇನೆ.

ಮೊನ್ನೆ ಅತ್ತೆ ಕೇಳಿದ್ದಾಳೆ: "ನನ್ನ ಕೈ ನಡುಗೋಕೆ ಶುರುವಾಗಿದೆ. ಯಾವಾಗ ಬರ್ತೀಯೇ?"

"ಕಾಗದ ಬಂದ ಕೂಡಲೇ ಅತ್ತೆ," ಅಂದಳು ತೋಕಿ. ಫೋನು ಇಟ್ಟು, ಮತ್ತೆ ಸಾಲಿಗೆ ಇಳಿದಳು.