ಕಾಲುವೆ ದಾಟಿದರೆ ತೆಲುಗು

ಬಳಗಾನೂರಿನ ಬಸ್‌ ನಿಲ್ದಾಣದ ಎದುರು ಇನ್ನೂ ಮಬ್ಬುಗತ್ತಲು. ತಮ್ಮ ಟಂಟಂ ಆಟೋದ ಗಾಜಿನ ಮೇಲಿನ ಮಂಜನ್ನು ಅಂಗೈಯಿಂದ ಒರೆಸಿ, ಅದೇ ಕೈಯನ್ನು ಹಣೆಗೆ ಮುಟ್ಟಿಸಿಕೊಂಡು ಹುಸೇನಪ್ಪ ಗಾಡಿ ಹೊರಡಿಸುತ್ತಾರೆ. ಹಿಂದೆ ಸಿಂಧನೂರಿನ ಕಾಲೇಜಿಗೆ ಹೋಗುವ ಮಕ್ಕಳು.

ಕಾಲುವೆಯ ಸೇತುವೆ ದಾಟಿದರೆ, ಆಂಧ್ರದಿಂದ ಬಂದು ನೆಲೆಸಿದ ರೈತರ ತೆಲುಗು ಮಾತಿನ ಕ್ಯಾಂಪು. ಅಲ್ಲಿಯ ಮಕ್ಕಳೂ ಹತ್ತುತ್ತಾರೆ. ಅಲ್ಲಿಂದ ಮುಂದೆ ಹುಸೇನಪ್ಪನವರ ಕಾಯಿದೆ: ಬಳಗಾನೂರಿನವರು ತೆಲುಗು ಆಡಬೇಕು, ಕ್ಯಾಂಪಿನವರು ಕನ್ನಡ. ತಪ್ಪಿದರೆ ನಗಬಹುದು. ಆದರೆ ನಕ್ಕವರೇ ತಿದ್ದಿ ಹೇಳಿಕೊಡಬೇಕು.

"ಪರೀಕ್ಷಾಕ್ಕ ಕಲೀರಿ ಅಂದ್ರ ಹುಡುಗ್ರಿಗೆ ನಿದ್ದಿ ಬರ್ತದ್ರೀ. ನಕ್ಕು ಚಾಷ್ಟಿ ಮಾಡಿದವರಿಗೆ ತಿರುಗಿ ಅನ್ನಬೇಕಂದ್ರ ವಾರದಾಗ ಕಲೀತಾರ" ಎನ್ನುತ್ತಾರೆ. ಗುರುಗುಂಟಾದಿಂದ ಹರೆಯದಲ್ಲಿ ಬಂದು ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತವರು ಅವರು. ಅವರ ತೆಲುಗು ಬಂದದ್ದೂ ಹೀಗೆಯೇ, ಜೊತೆಯ ಹಮಾಲರ ಬಾಯಿಂದ.

ಪಿಯುಸಿ ಓದುವ ಬಳಗಾನೂರಿನ ಅಂಬಿಕಾಗೆ ನರ್ಸ್ ಆಗುವ ಹಂಬಲ. ಈ ಸೀಮೆಯ ಆಸ್ಪತ್ರೆಗಳಲ್ಲಿ ಎರಡೂ ಭಾಷೆ ಬೇಕೆಂದು ಗೊತ್ತಿತ್ತು. ಆದರೂ ಮೊದಲ ವಾರವೇ ತಪ್ಪಾಡಿ, ಗಾಡಿಯೆಲ್ಲ ನಕ್ಕ ಮೇಲೆ, ಅವಳು ಬಾಯಿ ಹೊಲಿದುಕೊಂಡು ಕೂತಳು. ಕ್ಯಾಂಪಿನ ನಾಗಮಣಿ ಬಿಡಲಿಲ್ಲ. "ನೀ ನರ್ಸ್ ಆದ್ರ ಪೇಷಂಟೇ ನಿನ್ನ ಕೇಳ್ಬೇಕು ನೋಡು, ಏನಾಗ್ಯಾದವ್ವಾ ಅಂತ!" ಮರುದಿನ ಅಂಬಿಕಾ ತೆಲುಗಿನಲ್ಲೇ ಉತ್ತರ ಕೊಟ್ಟಳು. ಅರ್ಧ ತಪ್ಪು, ಆದರೆ ಚುರುಕು ಮುಟ್ಟುವಷ್ಟು ಸರಿ.

ಹೋದ ತಿಂಗಳು ಒಂದು ಬೆಳಿಗ್ಗೆ, ಕಾಲೇಜಿಗೆ ಹೊರಟಿದ್ದ ಇದೇ ಗಾಡಿಗೆ ನೋವಿನಿಂದ ನರಳುತ್ತಿದ್ದ ನಾಗಮಣಿಯ ಅಜ್ಜಿಯನ್ನು ಎತ್ತಿ ಮಲಗಿಸಬೇಕಾಯಿತು. ಮೊಮ್ಮಗಳಿಗೆ ಅಳು ಒತ್ತರಿಸಿ ಮಾತೇ ಹೊರಡದು. ಹುಸೇನಪ್ಪನವರ ಕಣ್ಣು ರಸ್ತೆಯ ಮೇಲೆ. ಅಂಬಿಕಾ ಮುದುಕಿಯ ಕೈ ಹಿಡಿದು ಬಾಗಿದಳು.

"ಎಕ್ಕಡ ನೊಪ್ಪಿ, ಅವ್ವಾ?"

ನೋವು ಎಲ್ಲಿ ಎಂದು ಕೇಳಿದ ಆ ಮಾತಿಗೆ ಅಜ್ಜಿ ತಡೆತಡೆದು ಉತ್ತರ ಕೊಟ್ಟರು. ಅಂಬಿಕಾ ಒಂದು ಮಾತನ್ನು ಇನ್ನೊಂದೆಂದು ತಿಳಿದಳು. ನಾಗಮಣಿ ನಗಲಿಲ್ಲ. ಕಣ್ಣೊರೆಸಿಕೊಂಡು ತಿದ್ದಿದಳು. ಆಸ್ಪತ್ರೆಯಲ್ಲಿ ಡಾಕ್ಟರಿಗೆ ಎಲ್ಲವನ್ನೂ ಸರಿಯಾಗಿ ಹೇಳಿದವಳು ಅಂಬಿಕಾ. ಅಜ್ಜಿ ಈಗ ಮನೆಯಲ್ಲಿ ಓಡಾಡಿಕೊಂಡಿದ್ದಾರೆ.

"ಮೊದ್ಲು ಈಕಿ ಬಾಯಿ ಮುಚ್ಚಸಾಕ ಕಲತೆ" ಎಂದು ಅಂಬಿಕಾ ನಾಗಮಣಿಯ ಭುಜಕ್ಕೆ ತಿವಿಯುತ್ತಾಳೆ. "ಈಗ ಅಜ್ಜಿಯಂಥವರ ಸಲುವಾಗಿ ಕಲೀಲಿಕತ್ತೀನಿ."

ಕಾಲೇಜಿನ ಗೇಟಿನ ಬಳಿ ಮಕ್ಕಳು ಇಳಿದು ಹೋಗುತ್ತಾರೆ. ಹುಸೇನಪ್ಪ ನೋಡುತ್ತಲೇ ಇರುತ್ತಾರೆ. ತಮಗಾಗಿ ಏನು ಬೇಕೆಂದು ಕೇಳಿದರೆ ಗೇಟು ಹೊಕ್ಕ ಅಂಬಿಕಾಳತ್ತ ಬೆರಳು ತೋರಿಸಿ ಹೇಳುತ್ತಾರೆ:

"ನಾ ಹಾಸಿಗಿ ಹಿಡಿದ ದಿನ ಆಕಿ ಬಂದು ಎಲ್ಲಿ ನೋವು ಅಂತ ಕೇಳ್ಬೇಕ್ರೀ. ಯಾವ ಭಾಷಾದಾಗ ಕೇಳಿದ್ರೂ ನಡೀತದ."